ಟೇಪು ಹಿಡಿದು ಮನೆ ಅಳೆಯಲು ಬಂದಾಗ

ನಮ್ಮ ಮನೆಯ ಅಗಲ 24 ಅಡಿ. ಆದರೆ ಕಚೇರಿಯ ಕಡತದಲ್ಲಿ ಎಂಟು ತಿಂಗಳ ಕಾಲ ಅದು 25 ಅಡಿ ಆಗಿತ್ತು.

ಕಾರಣ ಕೇಳಿದರೆ ನಗು ಬರುತ್ತದೆ. ಕಟ್ಟಿ ಮುಗಿದ ಮೇಲೆ ಸಿ.ಆರ್.ಗೆ, ಅಂದರೆ ಮನೆ ಪ್ಲಾನಿನಂತೆ ಮುಗಿದಿದೆ ಅಂತ ಕಚೇರಿ ಕೊಡುವ ಕಂಪ್ಲೀಷನ್ ರಿಪೋರ್ಟಿಗೆ, ಅರ್ಜಿ ಹಾಕಿದ್ದೆ. ಅಳೆಯಲು ಬಂದವರ ಟೇಪಿನ ತುದಿಯ ಕೊಂಡಿ ಮುರಿದಿತ್ತು. ತುದಿ ಹಿಡಿಯಲು ಆಗದೆ ಒಂದಡಿಯ ಗುರುತನ್ನು ಗೋಡೆಯ ಮೂಲೆಗೆ ಒತ್ತಿ ಹಿಡಿದರು. ಆ ಕಡೆ ನಿಂತವರು "ಇಪ್ಪತ್ತೈದು" ಅಂತ ಕೂಗಿದರು. ಬರೆದುಕೊಳ್ಳುವವರು 25 ಅಂತಲೇ ಬರೆದುಕೊಂಡರು. ಆ ಒಂದಡಿಯನ್ನು ಕಳೆಯಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ನಾನೂ ಅಲ್ಲೇ ನಿಂತಿದ್ದೆ, ಕೈಯಲ್ಲಿ ಅವರಿಗೆ ತಂದ ಕಾಫಿ ಲೋಟ ಹಿಡಿದುಕೊಂಡು.

ಸೈಟು ಮೂವತ್ತು ನಲವತ್ತರದ್ದು. ಪ್ಲಾನಿನಲ್ಲಿ ಎರಡೂ ಬದಿಗೆ ಮೂರು ಮೂರು ಅಡಿ ಸೆಟ್‌ಬ್ಯಾಕ್, ಅಂದರೆ ಖಾಲಿ ಜಾಗ, ಬಿಟ್ಟಿದ್ದೆವು. 25 ಅಂತ ಬರೆದ ಕೂಡಲೇ ಒಂದು ಬದಿಯಲ್ಲಿ ಒಂದಡಿ ಸೆಟ್‌ಬ್ಯಾಕ್ ಮಾಯವಾಯಿತು. ಅಲ್ಲಿಂದ ಶುರುವಾಯಿತು ನೋಡಿ ಓಡಾಟ. ಮೈಸೂರಿನ ಯಾವ ಕಚೇರಿ, ಯಾರು ಬಂದಿದ್ದರು ಅನ್ನುವುದು ಇಲ್ಲಿ ಬೇಡ. ಆ ಎಂಟು ತಿಂಗಳಲ್ಲಿ ನಾನು ಕಲಿತದ್ದನ್ನು ಕ್ರಮವಾಗಿ ಬರೆಯುತ್ತೇನೆ. ಕಟ್ಟಿ ಮುಗಿಸಿದವರಿಗೆ, ಕಟ್ಟುತ್ತಿರುವವರಿಗೆ, ಬಾಗಿಲ ಮೇಲೆ ಈಗಾಗಲೇ ನೋಟಿಸ್ ಅಂಟಿಸಿಕೊಂಡವರಿಗೆ ಉಪಯೋಗಕ್ಕೆ ಬರಬಹುದು.

ಮೊದಲು: ನಿಮ್ಮ ಮನೆ ಯಾರ ವ್ಯಾಪ್ತಿಗೆ ಬರುತ್ತದೆ?

ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಮೈಸೂರಿನಲ್ಲಿ ಒಂದೇ ರಸ್ತೆಯ ಎರಡು ಬದಿಗೆ ಎರಡು ಕಚೇರಿ ಇರುವುದುಂಟು. ಹಳೆಯ ಬಡಾವಣೆಗಳಿಗೆ, ಹಸ್ತಾಂತರವಾದ ಬಡಾವಣೆಗಳಿಗೆ ಮಹಾನಗರ ಪಾಲಿಕೆಯ ವಲಯ ಕಚೇರಿ. ಪಾಲಿಕೆಗೆ ಇನ್ನೂ ಹಸ್ತಾಂತರ ಆಗದ ಬಡಾವಣೆಗಳಿಗೆ ಪ್ರಾಧಿಕಾರ, ಅಂದರೆ ಮೊದಲು ಮುಡಾ ಆಗಿದ್ದದ್ದು. ಊರಂಚಿನಲ್ಲಿ ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳು ಹುಟ್ಟಿಕೊಂಡವು. ಈ ಗಡಿಗಳು ಬದಲಾಗುತ್ತಲೇ ಇರುತ್ತವೆ. ಹಾಗಾಗಿ ಪಕ್ಕದ ಮನೆಯವರ ಮಾತು ನಂಬಬೇಡಿ. ನಿಮ್ಮ ಇತ್ತೀಚಿನ ಕಂದಾಯದ ರಸೀದಿ ಯಾರು ಕೊಟ್ಟಿದ್ದಾರೆ, ಪ್ಲಾನಿನ ಮೇಲೆ ಯಾರ ಮುದ್ರೆ ಇದೆ, ಎರಡನ್ನೂ ನೋಡಿ. ಎರಡೂ ಬೇರೆ ಬೇರೆ ಇದ್ದರೆ ಮೊದಲ ಅರ್ಜಿ ಅದರ ಬಗ್ಗೆಯೇ ಇರಲಿ: ನನ್ನ ಮನೆಯ ಲೈಸೆನ್ಸ್ ಕಡತ ಈಗ ಯಾವ ಕಚೇರಿಯಲ್ಲಿದೆ? ಹಸ್ತಾಂತರದ ಸಮಯದಲ್ಲಿ ಕಡತ ಒಂದು ಕಡೆ, ಮನೆ ಒಂದು ಕಡೆ ಆಗಿಬಿಟ್ಟರೆ ಎರಡೂ ಕಡೆಯವರು "ನಮ್ಮದಲ್ಲ" ಅನ್ನುತ್ತಾರೆ.

ಮಂಡ್ಯದಂಥ ನಗರಸಭೆ ಊರಿನವರು ಒಂದು ವಿಷಯ ನೆನಪಿಡಿ. ಮಹಾನಗರ ಪಾಲಿಕೆಗೆ ಅನ್ವಯಿಸುವುದು 1976ರ ಕಾಯ್ದೆ, ನಗರಸಭೆ, ಪುರಸಭೆಗಳಿಗೆ 1964ರ ಪೌರಸಭೆಗಳ ಕಾಯ್ದೆ. ಕೆಳಗೆ ನಾನು ಹೇಳುವ ಸೆಕ್ಷನ್ ಸಂಖ್ಯೆಗಳು 1976ರ ಕಾಯ್ದೆಯವು. ಉಳಿದ ಯುಕ್ತಿ ಎಲ್ಲ ಕಡೆಯೂ ಒಂದೇ.

ಒಂದು ಫೈಲು ಕಟ್ಟಿ

ಕ್ರಯಪತ್ರ, ಖಾತಾ, ಕಂದಾಯದ ರಸೀದಿ, ಲೈಸೆನ್ಸ್, ಮುದ್ರೆ ಬಿದ್ದ ಪ್ಲಾನು. ಇಷ್ಟಿದ್ದರೆ ಶುರು ಮಾಡಬಹುದು. ಮೂಲ ಪ್ಲಾನನ್ನು ಮನೆಯಿಂದ ಹೊರಗೆ ತೆಗೆದುಕೊಂಡು ಹೋಗಬೇಡಿ. "ಒರಿಜಿನಲ್ ಬಿಟ್ಟು ಹೋಗಿ, ನಾಳೆ ಕೊಡ್ತೀವಿ" ಅಂದರೆ ನಗುತ್ತಲೇ ಜೆರಾಕ್ಸ್ ಕೊಡಿ.

ಕ್ರಯಪತ್ರದಲ್ಲಿರುವ ಚಕ್ಕುಬಂದಿಯನ್ನು ಪ್ಲಾನಿನ ಜೊತೆ ಹೋಲಿಸಿ. ಪೂರ್ವ ಪಶ್ಚಿಮ, ಉತ್ತರ ದಕ್ಷಿಣದ ಅಳತೆ ಎರಡರಲ್ಲೂ ಒಂದೇ ಇದೆಯಾ? ಇಲ್ಲಿ ತಪ್ಪಿದ್ದರೆ ಮುಂದಿನದ್ದೆಲ್ಲ ತಪ್ಪೇ ಆಗುತ್ತದೆ.

ಅವರು ಅಳೆಯುವ ಮೊದಲು ನೀವು ಅಳೆಸಿ

ನಾನು ಮಾಡದೆ ಕೆಟ್ಟದ್ದು ಇದೇ. ಒಬ್ಬ ಸಿವಿಲ್ ಎಂಜಿನಿಯರನ್ನು ಕರೆಸಿ, ಲೇಸರ್ ಮೀಟರ್ ಇರುವವರಾದರೆ ಇನ್ನೂ ಒಳ್ಳೆಯದು, ಮನೆಯ ನಾಲ್ಕೂ ಬದಿ ಅಳೆಸಿ, ಇರುವ ಹಾಗೆ ಒಂದು ನಕ್ಷೆ ಬರೆಸಿ, ಅವರ ಸಹಿ ಮುದ್ರೆ ಹಾಕಿಸಿಕೊಳ್ಳಿ. ಸ್ವಲ್ಪ ದುಡ್ಡು ಖರ್ಚಾಗುತ್ತದೆ. ಆಟೋ ಚಾರ್ಜಿಗೆ, ರಜೆ ಹಾಕಿದ ದಿನಗಳಿಗೆ ಹೋಲಿಸಿದರೆ ಏನೂ ಅಲ್ಲ.

ಅಳೆಸುವಾಗ ಮೂರು ಕಡೆ ಕಣ್ಣಿಡಿ. ಒಂದು, ಗಾರೆ. ಪ್ಲಾನಿನಲ್ಲಿ ಬರೆದಿರುವುದು ಇಟ್ಟಿಗೆ ಗೋಡೆಯ ಅಳತೆಯಾಗಿದ್ದು, ಟೇಪು ಹಿಡಿಯುವುದು ಗಾರೆಯ ಮೇಲಾದರೆ, ಎರಡು ಬದಿ ಸೇರಿ ಒಂದೂವರೆ ಇಂಚು ಜಾಸ್ತಿ ಬರಬಹುದು. ಎರಡು, ಕಾಂಪೌಂಡ್. ಸೆಟ್‌ಬ್ಯಾಕ್ ಎಣಿಸಬೇಕಾದ್ದು ಸೈಟಿನ ಗಡಿಯಿಂದ. ಕಾಂಪೌಂಡ್ ಗೋಡೆ ಪೂರ್ತಿ ನಿಮ್ಮ ಜಾಗದಲ್ಲಿದ್ದರೆ ಅದರ ದಪ್ಪವೂ ನಿಮ್ಮ ಸೆಟ್‌ಬ್ಯಾಕಿನ ಲೆಕ್ಕಕ್ಕೆ ಸೇರಬೇಕು. ಗೋಡೆಯ ಒಳಮೈಯಿಂದ ಅಳೆದು "ಅರ್ಧ ಅಡಿ ಕಡಿಮೆ ಇದೆ" ಅನ್ನುವವರು ಬೇಕಾದಷ್ಟು ಮಂದಿ. ಮೂರು, ಸಜ್ಜ. ಸಜ್ಜದ ತುದಿಯಿಂದ ಅಳೆಯುತ್ತಿದ್ದಾರಾ, ಗೋಡೆಯಿಂದಲಾ, ನೋಡಿ. ಪ್ಲಾನಿನಲ್ಲಿ ಸಜ್ಜ ಎಷ್ಟು ಚಾಚಿದೆ ಅಂತ ತೋರಿಸಿದ್ದರೆ ಅದನ್ನು ಮುಂದಿಟ್ಟು ಮಾತಾಡಿ.

ಬಂದ ದಿನ

ಯಾರೇ ಬಂದರೂ ಹೆಸರು, ಹುದ್ದೆ ಕೇಳಿ ಬರೆದುಕೊಳ್ಳಿ. ಗುರುತಿನ ಚೀಟಿ ತೋರಿಸಿ ಅನ್ನುವುದರಲ್ಲಿ ಅವಮಾನ ಏನೂ ಇಲ್ಲ. ಬಿಲ್ ಕಲೆಕ್ಟರ್ ಬಂದಿದ್ದರೆ ಅವರ ಕೆಲಸ ಕಂದಾಯ. ಹೆಲ್ತ್ ಇನ್‌ಸ್ಪೆಕ್ಟರ್ ಬಂದಿದ್ದರೆ ಕಸ, ಚರಂಡಿ, ಸೊಳ್ಳೆ. ಕಟ್ಟಡದ ಅಳತೆ ಎಂಜಿನಿಯರುಗಳದ್ದು, ನಗರ ಯೋಜನೆ ವಿಭಾಗದವರದ್ದು. ಬಿಲ್ ಕಲೆಕ್ಟರ್ ನಿಮ್ಮ ಮಹಡಿ ನೋಡಿ "ಇದು ಡೀವಿಯೇಷನ್ ಸಾರ್" ಅಂದರೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಕಂದಾಯ ಕಟ್ಟುವಾಗ ಆ ಮಹಡಿಯನ್ನು ಲೆಕ್ಕಕ್ಕೆ ತಂದಿಲ್ಲವಾದರೆ ಅದು ಬೇರೆ ಕಥೆ. ಅದನ್ನು ಮೊದಲು ಸರಿ ಮಾಡಿಕೊಳ್ಳಿ.

ಟೇಪಿನ ಸೊನ್ನೆ ಎಲ್ಲಿದೆ ಅಂತ ನೋಡಿ. ಇಷ್ಟು ಸಣ್ಣ ವಿಷಯ ಹೇಳಿಕೊಡಬೇಕಾ ಅನ್ನಿಸಬಹುದು. ಹೇಳಲೇಬೇಕು, ನನಗೆ ಎಂಟು ತಿಂಗಳು ಹಿಡಿಯಿತು. ಪ್ರತಿ ಅಳತೆಯ ಎರಡೂ ತುದಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಅಂಕಿ ಕಾಣಬೇಕು. ಮುಖದ ಮೇಲೆ ಮೊಬೈಲ್ ಹಿಡಿಯಬೇಡಿ, ಟೇಪಿನ ಮೇಲೆ ಹಿಡಿಯಿರಿ. ಜಗಳಕ್ಕೆ ನಿಂತವರ ಹಾಗೆ ಕಾಣಬಾರದು. ನೀವೂ ಒಂದು ಹಾಳೆಯಲ್ಲಿ ಅಳತೆ ಬರೆದುಕೊಳ್ಳುತ್ತಾ ಹೋಗಿ, ಕೊನೆಯಲ್ಲಿ "ಸಾರ್, ನಿಮ್ಮದೂ ನಮ್ಮದೂ ಒಂದೇ ಇದೆಯಾ ನೋಡಿಬಿಡೋಣ" ಅನ್ನಿ. ಬಹಳ ಸಲ ತಪ್ಪು ಅಲ್ಲೇ ಸರಿಹೋಗುತ್ತದೆ. ಖಾಲಿ ಹಾಳೆಗೆ ಅಥವಾ ಅರ್ಧ ತುಂಬಿದ ಮಹಜರಿಗೆ ಮಾತ್ರ ಸಹಿ ಹಾಕಬೇಡಿ. ಸಹಿ ಹಾಕಲೇಬೇಕಾದರೆ ಸಹಿಯ ಮೇಲೆ "ಅಳತೆಗೆ ನನ್ನ ಒಪ್ಪಿಗೆ ಇಲ್ಲ" ಅಂತ ಬರೆದು ದಿನಾಂಕ ಹಾಕಿ.

ಬಾಯಿಮಾತನ್ನು ಕಾಗದಕ್ಕೆ ಇಳಿಸುವುದು

ಇಡೀ ಲೇಖನದಲ್ಲಿ ಮುಖ್ಯ ಭಾಗ ಇದು.

ನನ್ನ ಮನೆಗೆ ಮೂವರು ಬಂದರು, ಬೇರೆ ಬೇರೆ ತಿಂಗಳಲ್ಲಿ. ಮೊದಲನೆಯವರು ಎಡಗಡೆ ಕಡಿಮೆ ಅಂದರು. ಎರಡನೆಯವರು ಎಡಗಡೆ ಸರಿಯಿದೆ, ಮೆಟ್ಟಿಲು ಸರಿಯಿಲ್ಲ ಅಂದರು. ಮೂರನೆಯವರು ಮೆಟ್ಟಿಲನ್ನು ನೋಡಲೇ ಇಲ್ಲ, ಮಳೆನೀರಿನ ಗುಂಡಿ ಎಲ್ಲಿ ಅಂದರು. ಪ್ರತಿ ಸಲವೂ ನಾನು ಕಚೇರಿಗೆ ಹೋದಾಗ "ಸಾಹೇಬ್ರು ಸೈಟ್ ವಿಸಿಟ್‌ಗೆ ಹೋಗಿದ್ದಾರೆ, ಬುಧವಾರ ಬನ್ನಿ." ಯಾವ ಬುಧವಾರ ಅಂತ ಕೇಳಲು ನನಗೆ ಧೈರ್ಯ ಇರಲಿಲ್ಲ. ಮೂವರ ಮಾತಿಗೂ ಒಂದು ಚೂರು ಕಾಗದ ಇರಲಿಲ್ಲ. ಕಾಗದ ಇಲ್ಲದ ಮೇಲೆ ಉತ್ತರ ಕೊಡುವುದಾದರೂ ಯಾವುದಕ್ಕೆ?

ಹಾಗಾಗಿ ಯಾರಾದರೂ ಬಂದು ತಪ್ಪು ಹೇಳಿ ಹೋದರೆ ಮಾರನೇ ದಿನವೇ ಒಂದು ಪತ್ರ ಬರೆಯಿರಿ. ಒಂದು ಪುಟ ದಾಟಬಾರದು. ಹೀಗೆ:

"ಮಾನ್ಯರೇ, ದಿನಾಂಕ ಇಷ್ಟರಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ತಮ್ಮ ಕಚೇರಿಯ ಸಹಾಯಕ ಎಂಜಿನಿಯರ್ ಅವರು ನನ್ನ ಮನೆಯ ಸ್ಥಳ ಪರಿಶೀಲನೆ ಮಾಡಿ, ಎಡಬದಿಯ ಸೆಟ್‌ಬ್ಯಾಕ್ ಕಡಿಮೆ ಇದೆಯೆಂದು ಬಾಯಿಮಾತಿನಲ್ಲಿ ತಿಳಿಸಿದರು. ನನ್ನ ಎಂಜಿನಿಯರ್ ಅಳತೆಯಂತೆ ಅದು ಮಂಜೂರಾದ ಪ್ಲಾನಿನಂತೆಯೇ ಇದೆ. ನಕ್ಷೆ ಮತ್ತು ಫೋಟೋ ಲಗತ್ತಿಸಿದೆ. ನನ್ನ ಸಮಕ್ಷಮದಲ್ಲಿ ಮತ್ತೊಮ್ಮೆ ಅಳತೆ ಮಾಡಿಸಬೇಕೆಂದೂ, ಆಕ್ಷೇಪಣೆ ಇದ್ದಲ್ಲಿ ಲಿಖಿತ ಹಿಂಬರಹ ಕೊಡಬೇಕೆಂದೂ ಕೋರುತ್ತೇನೆ."

ಇಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಪದ ಹಿಂಬರಹ. ಕಚೇರಿಯವರು ನಿಮ್ಮ ಅರ್ಜಿಗೆ ಕೊಡುವ ಲಿಖಿತ ಉತ್ತರ ಅದು. ಆಗುತ್ತದೆ ಅಂತಲೋ ಆಗುವುದಿಲ್ಲ ಅಂತಲೋ ಸಹಿ ಹಾಕಿ ಕೊಡಬೇಕು. ಬಾಯಲ್ಲಿ ಹತ್ತು ತಪ್ಪು ಹೇಳಿದವರು ಹಿಂಬರಹ ಬರೆಯುವಾಗ ಒಂದಕ್ಕೆ ಇಳಿಯುತ್ತಾರೆ, ಏಕೆಂದರೆ ಅದಕ್ಕೆ ನಾಳೆ ಅವರೇ ಜವಾಬ್ದಾರಿ.

ಪತ್ರವನ್ನು ಯಾರ ಕೈಗೂ ಕೊಡಬೇಡಿ. ಟಪಾಲು ವಿಭಾಗಕ್ಕೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮುದ್ರೆ, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಮೊದಲ ಸಲ ನಾನು ಪತ್ರವನ್ನು ಮೇಜಿನ ಮೇಲೆ ಇಟ್ಟು ಕೈಮುಗಿದು ಬಂದಿದ್ದೆ. ಮುಂದಿನ ವಾರ ಹೋದಾಗ ಅದೇ ಮೇಜಿನ ಮೇಲೆ, ಅದೇ ಪತ್ರದ ಹಿಂಬದಿಯಲ್ಲಿ, ಯಾರೋ ಊಟದ ಲೆಕ್ಕ ಬರೆದಿದ್ದರು. ಮೂರು ಚಿತ್ರಾನ್ನ, ಒಂದು ಮೊಸರನ್ನ. ಟಪಾಲಿನಲ್ಲಿ ಮುದ್ರೆ ಹಾಕಲು ಸತಾಯಿಸಿದರೆ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ವಿವರವನ್ನು ಪ್ರಿಂಟ್ ತೆಗೆದು ಫೈಲಿಗೆ ಸೇರಿಸಿ.

ಉತ್ತರ ಬರದಿದ್ದರೆ

ಎರಡು ದಾರಿ ಇವೆ. ಎರಡನ್ನೂ ಒಟ್ಟಿಗೆ ಹಿಡಿಯಬಹುದು.

ಒಂದು ಸಕಾಲ. ಖಾತಾ ಬದಲಾವಣೆ, ಕಟ್ಟಡ ಪರವಾನಗಿಯಂಥ ಸೇವೆಗಳಿಗೆ ಸಕಾಲ ಕಾಯ್ದೆಯಡಿ ದಿನಗಳ ಗಡುವಿದೆ. ಅರ್ಜಿ ಹಾಕಿದ ದಿನವೇ ಹದಿನೈದು ಅಂಕಿಯ ಜಿಎಸ್‌ಸಿ ನಂಬರ್ ಕೇಳಿ ಪಡೆಯಿರಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಸಿಗುತ್ತದೆ. ಆ ದುಡ್ಡಿನಲ್ಲಿ ಏನೂ ಬರುವುದಿಲ್ಲ, ಆದರೆ ತಡ ಮಾಡಿದವರ ಲೆಕ್ಕದಲ್ಲಿ ಅದು ದಾಖಲಾಗುತ್ತದೆ. ಒಂದು ಎಚ್ಚರಿಕೆ: ಗಡುವಿನ ಕೊನೆಯ ದಿನ ಏನೋ ಒಂದು ದಾಖಲೆ ಇಲ್ಲ ಅಂತ ಅರ್ಜಿ ತಿರಸ್ಕರಿಸಿದರೂ ಕಂಪ್ಯೂಟರಿನಲ್ಲಿ ಅದು 'ವಿಲೇವಾರಿ' ಆಗಿಬಿಡುತ್ತದೆ. ಹಾಗೆ ಮಾಡಿದರೆ ಮತ್ತೆ ಹೊಸ ಅರ್ಜಿ ಹಾಕಲು ಓಡಬೇಡಿ, ಮೇಲ್ಮನವಿ ಹಾಕಿ.

ಇನ್ನೊಂದು ಮಾಹಿತಿ ಹಕ್ಕು. 2005ರ ಕಾಯ್ದೆ, ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಕೋಪದಲ್ಲಿ ಬರೆದವರ ಅರ್ಜಿಗಳು ಇಲ್ಲೇ ಬಿದ್ದುಹೋಗುತ್ತವೆ. "ನನ್ನನ್ನು ಏಕೆ ಅಲೆದಾಡಿಸುತ್ತಿದ್ದೀರಿ?" ಅಂತ ಕೇಳಿದರೆ ಅದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ ಅನ್ನುತ್ತಾರೆ, ಅವರು ಹೇಳುವುದೂ ಸರಿ. ದಾಖಲೆ ಕೇಳಿ, ಕಾರಣ ಕೇಳಬೇಡಿ. ನಾನು ಕೇಳಿದ್ದು ಇಷ್ಟೇ: ಇಂಥ ಲೈಸೆನ್ಸ್ ಸಂಖ್ಯೆಯ ಕಡತದ ಟಿಪ್ಪಣಿ ಹಾಳೆಗಳು, ಸ್ಥಳ ಪರಿಶೀಲನಾ ವರದಿ, ಅಳತೆ ನಕ್ಷೆ, ಇವುಗಳ ದೃಢೀಕೃತ ನಕಲು. ಪುಟಕ್ಕೆ ಎರಡು ರೂಪಾಯಿಯಂತೆ ಕಟ್ಟಿ ಹದಿನಾಲ್ಕು ಪುಟ ತಂದೆ. ಬಸ್ಸಿನಲ್ಲೇ ತೆರೆದು ನೋಡಿದರೆ ಒಂಬತ್ತನೇ ಪುಟದಲ್ಲಿ ಕೈಯಲ್ಲಿ ಬರೆದ ಚಿತ್ರ. ಅಡ್ಡಗೆರೆಯ ಮೇಲೆ 25. ಎಡಗಡೆ 3, ಬಲಗಡೆ 3. ಕೂಡಿಸಿ ನೋಡಿ, 31 ಆಗುತ್ತದೆ. ಮೂವತ್ತಡಿ ಸೈಟಿನಲ್ಲಿ ಮೂವತ್ತೊಂದಡಿ ಅಳೆದಿದ್ದರು. ವರದಿ ಬರೆಯುವಾಗ ಲೆಕ್ಕ ಹೊಂದಿಸಲು ಎಡಗಡೆಯ ಮೂರನ್ನು ಎರಡು ಮಾಡಿದ್ದರು. ಮುಂದಿನ ಎಲ್ಲ ಪುಟಗಳಲ್ಲೂ ಆ ಎರಡೇ ನಡೆದುಕೊಂಡು ಬಂದಿತ್ತು.

ಆ ಒಂಬತ್ತನೇ ಪುಟವನ್ನು ಲಗತ್ತಿಸಿ ಮತ್ತೆ ಅಳತೆಗೆ ಅರ್ಜಿ ಕೊಟ್ಟ ಮೇಲೆ ಹನ್ನೆರಡು ದಿನಕ್ಕೆ ಬಂದರು. ಈ ಸಲ ಟೇಪು ನಾನೇ ಕೊಟ್ಟೆ.

ಮೂವತ್ತು ದಿನದಲ್ಲಿ ಮಾಹಿತಿ ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ ತೊಂಬತ್ತು ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಆಯೋಗದಲ್ಲಿ ತುಂಬಾ ಕಾಯಬೇಕಾಗುತ್ತದೆ. ಮೊದಲ ಮೇಲ್ಮನವಿಯಲ್ಲೇ ಮುಗಿಸಿಕೊಳ್ಳಲು ನೋಡಿ.

ನೋಟಿಸ್ ಬಂದೇಬಿಟ್ಟರೆ

ಹೆದರಬೇಡಿ, ಹಾಗಂತ ಡ್ರಾಯರಿನಲ್ಲಿ ಹಾಕಿ ಮರೆಯಲೂ ಬೇಡಿ. ನೋಟಿಸಿನಲ್ಲಿ ಯಾವ ಸೆಕ್ಷನ್ ಬರೆದಿದೆ ನೋಡಿ. ಪಾಲಿಕೆ ವ್ಯಾಪ್ತಿಯಲ್ಲಿ ಅನಧಿಕೃತ ಕಟ್ಟಡದ ನೋಟಿಸ್ ಬರುವುದು 321ರ ಅಡಿಯಲ್ಲಿ. 321(1) ತಾತ್ಕಾಲಿಕ ಆದೇಶ. 321(2) ಕಾರಣ ಕೇಳುವ ನೋಟಿಸ್. ನಿಮ್ಮ ಉತ್ತರ ನೋಡಿದ ಮೇಲೆ, ಅಥವಾ ನೀವು ಉತ್ತರವನ್ನೇ ಕೊಡದಿದ್ದರೆ, 321(3)ರಲ್ಲಿ ಆದೇಶ ಖಾಯಂ ಆಗುತ್ತದೆ. ಎಷ್ಟೋ ಜನ ಮೊದಲ ನೋಟಿಸಿಗೇ ಮನೆ ಒಡೆದೇಬಿಡುತ್ತಾರೆ ಅಂದುಕೊಂಡು ಮಧ್ಯವರ್ತಿಯ ಹತ್ತಿರ ಓಡುತ್ತಾರೆ. ಆ ಹಂತದಲ್ಲಿ ಕೇಳುತ್ತಿರುವುದು ಕಾರಣ ಮಾತ್ರ. ನೋಟಿಸಿನಲ್ಲಿ ಕೊಟ್ಟ ದಿನದೊಳಗೆ ಲಿಖಿತ ಉತ್ತರ ಕೊಡಿ, ಪ್ಲಾನು, ಅಳತೆ ನಕ್ಷೆ, ಫೋಟೋ ಲಗತ್ತಿಸಿ, ಖುದ್ದು ವಿಚಾರಣೆಗೆ ಅವಕಾಶ ಕೇಳಿ. ಖಾಯಂ ಆದೇಶ ಬಂದರೆ ಅದು ಕೈಸೇರಿದ ಮೂವತ್ತು ದಿನದೊಳಗೆ ಬೆಂಗಳೂರಿನ ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬಹುದು, 443-ಎ ಅಡಿಯಲ್ಲಿ. ಅಷ್ಟು ಹೊತ್ತಿಗೆ ವಕೀಲರು ಬೇಕೇ ಬೇಕು. ನೋಟಿಸ್ ಬಂದ ಲಕೋಟೆಯನ್ನೂ ಎಸೆಯಬೇಡಿ, ಅದರ ಮೇಲಿನ ಅಂಚೆ ಮುದ್ರೆಯೇ ನಿಮ್ಮ ದಿನದ ಲೆಕ್ಕ.

ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ಕಟ್ಟಡ ಕೆಡವುವ ಬಗ್ಗೆ ಕೊಟ್ಟ ತೀರ್ಪನ್ನೂ ತಿಳಿದಿರಿ. ಮೊದಲೇ ನೋಟಿಸ್ ಕೊಡದೆ ಕೆಡವುವಂತಿಲ್ಲ, ಕನಿಷ್ಠ ಹದಿನೈದು ದಿನ ಸಮಯ ಇರಬೇಕು, ನೋಟಿಸನ್ನು ನೋಂದಾಯಿತ ಅಂಚೆಯಲ್ಲಿ ಕಳಿಸಿ ಕಟ್ಟಡಕ್ಕೂ ಅಂಟಿಸಬೇಕು, ಅಂತಿಮ ಆದೇಶದ ನಂತರವೂ ಹದಿನೈದು ದಿನ ಬಿಡಬೇಕು ಅಂತ ಅದರಲ್ಲಿದೆ. ರಸ್ತೆ, ಫುಟ್‌ಪಾತ್, ಕೆರೆ ನದಿಯಂಥ ಸಾರ್ವಜನಿಕ ಜಾಗದಲ್ಲಿ ಕಟ್ಟಿದ್ದಕ್ಕೆ ಈ ರಕ್ಷಣೆ ಇಲ್ಲ. ನಿಮ್ಮ ಮೆಟ್ಟಿಲೋ ಗೇಟಿನ ರ‍್ಯಾಂಪೋ ಚರಂಡಿಯ ಮೇಲೆ ಕೂತಿದ್ದರೆ ಈ ತೀರ್ಪು ಹಿಡಿದುಕೊಂಡು ವಾದಕ್ಕೆ ಹೋಗಬೇಡಿ.

ನಿಜವಾಗಲೂ ತಪ್ಪು ಇದ್ದರೆ

ಇದನ್ನು ಹೇಳಲು ಸ್ವಲ್ಪ ನಾಚಿಕೆ. ಒಂದಡಿಯ ವಿಷಯದಲ್ಲಿ ನನ್ನದು ಸರಿ ಇತ್ತು. ಆದರೆ ಹಿತ್ತಲಲ್ಲಿ ಮೆಟ್ಟಿಲ ಕೆಳಗೆ ಒಂದು ಸಣ್ಣ ಬಚ್ಚಲು ಕಟ್ಟಿಸಿದ್ದೆ, ಪ್ಲಾನಿನಲ್ಲಿ ಇಲ್ಲದ್ದು. ಮೇಸ್ತ್ರಿ "ಯಾರು ಸಾರ್ ಹಿಂದೆ ಬಂದು ನೋಡ್ತಾರೆ?" ಅಂದಿದ್ದ. ನಾನೂ ಹೂಂ ಅಂದಿದ್ದೆ. ಮೂವರು ಬಂದರೂ ಅದು ಯಾರ ಕಣ್ಣಿಗೂ ಬೀಳಲಿಲ್ಲ ಅನ್ನುವುದು ಬೇರೆ ಮಾತು. ಮತ್ತೆ ಅಳತೆಗೆ ಅರ್ಜಿ ಹಾಕುವ ಮುಂಚೆ ನಾನೇ ಒಡೆಸಿದೆ. ಒಂದು ದಿನದ ಕೂಲಿ, ಒಂದು ಲೋಡ್ ಕಲ್ಲುಮಣ್ಣು. ಸಣ್ಣ ತಪ್ಪನ್ನು ಹೀಗೆ ಮೊದಲೇ ತೆಗೆದರೆ ದೊಡ್ಡ ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಬಹುದು. ದೊಡ್ಡ ತಪ್ಪಾಗಿದ್ದರೆ, ಅಂದರೆ ಲೈಸೆನ್ಸಿಗಿಂತ ಒಂದು ಮಹಡಿ ಜಾಸ್ತಿ ಕಟ್ಟಿದ್ದರೆ, ಮುಂದೆ ಸಕ್ರಮ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಿ ಕೂರಬೇಡಿ. ಅಕ್ರಮ ಸಕ್ರಮ ಯೋಜನೆಗೆ 2017ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ತಡೆ ಬಿತ್ತು.

"ಸ್ವಲ್ಪ ನೋಡ್ಕೊಳ್ಳಿ" ಅಂದಾಗ

ಅಂದೇ ಅನ್ನುತ್ತಾರೆ, ಅವರೇ ಅಲ್ಲದಿದ್ದರೆ ಗೇಟಿನ ಹತ್ತಿರ ನಿಂತ ಇನ್ನೊಬ್ಬರು. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಟ್ಟವರಿಗೆ ಮಾತ್ರ ರಕ್ಷಣೆ. ಕೊಡುವ ಮೊದಲೇ ಲೋಕಾಯುಕ್ತಕ್ಕೆ ಹೋಗುವುದು ಒಳ್ಳೆಯದು, ಮೈಸೂರಿನಲ್ಲೇ ಅವರ ಕಚೇರಿ ಇದೆ. ಅಷ್ಟು ದೂರ ಹೋಗಲು ಮನಸ್ಸಿಲ್ಲದಿದ್ದರೆ ನಾನು ಮಾಡಿದ್ದು ಮಾಡಿ. "ಎಷ್ಟು ಕಟ್ಟಬೇಕು ಸಾರ್, ಚಲನ್ ಕೊಡಿ, ಬ್ಯಾಂಕಿಗೆ ಕಟ್ಟಿ ಬರ್ತೀನಿ" ಅಂದೆ. ಮುಗ್ಧನ ಹಾಗೆ ಹೇಳಬೇಕು, ವ್ಯಂಗ್ಯ ಕಾಣಬಾರದು. ಆಮೇಲೆ ಅವರು ಆ ಮಾತು ಎತ್ತಲಿಲ್ಲ. ಕೆಲಸ ಮಾತ್ರ ಮೂರು ವಾರ ತಡವಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಸಿ.ಆರ್. ಕೈಗೆ ಬಂದ ದಿನ

ಸಿ.ಆರ್. ಮೇಲೆ ಮನೆ ನಂಬರ್, ಸೈಟಿನ ಅಳತೆ, ಮಹಡಿಗಳ ಸಂಖ್ಯೆ, ನಿಮ್ಮ ಹೆಸರಿನ ಅಕ್ಷರ, ಎಲ್ಲವನ್ನೂ ಕಿಟಕಿಯ ಮುಂದೆ ನಿಂತೇ ಓದಿ. ಮನೆಗೆ ತಂದ ಮೇಲೆ ತಪ್ಪು ಕಂಡರೆ ತಿದ್ದುಪಡಿಗೆ ಹೊಸ ಅರ್ಜಿ ಹಾಕಬೇಕಾಗುತ್ತದೆ. ನನ್ನದರಲ್ಲಿ ತಂದೆಯ ಹೆಸರು ತಪ್ಪಾಗಿತ್ತು. ಅಲ್ಲೇ ತೋರಿಸಿದ್ದಕ್ಕೆ ಹತ್ತು ನಿಮಿಷದಲ್ಲಿ ಸರಿಮಾಡಿ ಕೊಟ್ಟರು.

ನಂತರ ನೇರ ಸೆಸ್ಕ್ ಕಚೇರಿಗೆ ಹೋಗಿ. ಕಟ್ಟುವಾಗ ತೆಗೆದುಕೊಂಡ ತಾತ್ಕಾಲಿಕ ಕರೆಂಟಿನ ದರ ಜಾಸ್ತಿ, ಅದು ಇನ್ನೂ ಓಡುತ್ತಿರುತ್ತದೆ. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಖಾಯಂ ಕನೆಕ್ಷನ್ನಿಗೆ ಈ ಕಾಗದ ಕೇಳುತ್ತಾರೆ. ಸಣ್ಣ ಸೈಟಿನ ಮನೆಗಳಿಗೆ ವಿನಾಯಿತಿ ಇದೆಯಾ ಅನ್ನುವುದನ್ನು ಆ ದಿನದ ಆದೇಶ ನೋಡಿಯೇ ಅಲ್ಲಿ ಕೇಳಿ. ನೀರಿನ ಕನೆಕ್ಷನ್ನಿಗೆ ವಾಣಿವಿಲಾಸದವರಿಗೂ ಒಂದು ಪ್ರತಿ ಬೇಕಾಗುತ್ತದೆ. ಸಾಲ ಮಾಡಿದ್ದರೆ ಬ್ಯಾಂಕಿಗೆ ಒಂದು. ಮುಂದಿನ ಏಪ್ರಿಲ್‌ನಲ್ಲಿ ಕಂದಾಯ ಕಟ್ಟುವಾಗ ಹೊಸ ಅಳತೆಯಂತೆ ಕಟ್ಟಿ, ಆ ತಿಂಗಳು ಕಟ್ಟಿದವರಿಗೆ ಶೇ. 5 ರಿಯಾಯಿತಿ ಇರುತ್ತದೆ. ಅಗಲ 24 ಅಡಿ ಅಂತ ಬರೆಯುವಾಗ ನಾನು ಮತ್ತೊಮ್ಮೆ ಎದ್ದುಹೋಗಿ ಗೋಡೆ ಅಳೆದು ಬಂದೆ.